ಜೆಕ್ ದೇಶದಲ್ಲಿ ನಮ್ಮ ಯಜಮಾನರ ಸಿನಿಮಾ

ಹೊರಡುವ ಮುಂಚೆ

ಚಿತ್ರ ಬರೆದವರು ಇವರು. ಪೆಟ್ಟು ತಿಂದವರು ಇವರು. ಅದನ್ನೆಲ್ಲ ಸಿನಿಮಾ ಮಾಡಿಸಿಕೊಂಡು ವಿಮಾನ ಹತ್ತಿದವರೂ ಇವರೇ. ಹೋಗಿ ಬಂದದ್ದನ್ನು ಬರೆಯುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. "ನಾನ್ ಬರದ್ರೆ ಮತ್ತೆ ಯಾರ್ಗಾದ್ರೂ ಸಿಟ್ಟು ಬರುತ್ತೆ, ನೀನೇ ಬರಿ" ಅಂದುಬಿಟ್ಟರು.

ಇವರು ಅಂದರೆ ನಮ್ಮ ಯಜಮಾನರು, ದೊಡ್ಡಬಳ್ಳಾಪುರದ ಆರ್ಟಿಸ್ಟ್ ತಿಮ್ಮರಾಜು. ಮಗ್ಗದವರಿಗೆ ಸೀರೆ ಅಂಚಿನ ಡಿಸೈನ್ ಬರೆದುಕೊಡುವುದು, ಅಂಗಡಿಗಳಿಗೆ ಬೋರ್ಡು ಬರೆಯುವುದು ಇವರ ಕಸುಬು. ನಾನು ಸರೋಜಮ್ಮ, ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೇಲ್ವಿಚಾರಕಿ. ಶಿಫ್ಟಿನ ಮೇಲೆ ಶಿಫ್ಟು ಜನಕ್ಕೆ ಅನ್ನ ಸಾರು ಬಡಿಸಿದವಳು. ಯಾವ ದೇಶಕ್ಕೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಪಾತ್ರೆಯ ಕಡೆಗೆ. ಓದುವವರು ಸಹಿಸಿಕೊಳ್ಳಬೇಕು.

ಸಿನಿಮಾ ಎಂದೆ, ಸರಿಯಾಗಿ ಹೇಳಬೇಕೆಂದರೆ ಅದು ಸಾಕ್ಷ್ಯಚಿತ್ರ. ಅದರ ಕಥೆ ಹೀಗೆ. ಎಂಟು ಹತ್ತು ವರ್ಷದ ಹಿಂದೆ ನಮ್ಮೂರಿನ ಹುಡುಗರ ಸಂಘದವರು ಕೆರೆ ಏರಿಯ ಪಕ್ಕದ ಗೋಡೆಗೆ ಏನಾದರೂ ಬರೆದುಕೊಡಿ ಎಂದರು. ಇವರು ಬರೆದರು. ದಪ್ಪ ಮೀಸೆಯ ಒಬ್ಬ ಮನುಷ್ಯ ಏರಿಯ ಮೇಲೆ ಬೋರಲು ಮಲಗಿ, ಕೊಳವೆ ಹಾಕಿಕೊಂಡು ಇಡೀ ಕೆರೆಯನ್ನು ಹೀರುತ್ತಿದ್ದಾನೆ. ಮೀನು, ಏಡಿ, ಆಮೆಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟಿವೆ. ಎಲ್ಲರಿಗಿಂತ ಮುಂದೆ ಒಂದು ಕಪ್ಪೆ, ತಲೆಯ ಮೇಲೆ ಟ್ರಂಕು ಹೊತ್ತಿದೆ. ಊರಿನವರು ನಿಂತು ನಿಂತು ನಕ್ಕರು. ಮೀಸೆಯವನು ಯಾರೆಂದು ಒಬ್ಬರೂ ಕೇಳಲಿಲ್ಲ. ಸ್ವಲ್ಪ ದಿನಕ್ಕೆ ನಮ್ಮ ಕಡೆಯ ದೊಡ್ಡ ಮನುಷ್ಯರೊಬ್ಬರು, ಹೆಸರು ಬೇಡ, ಅದು ತಮ್ಮದೇ ಮುಖವೆಂದು ಪೊಲೀಸರಿಗೆ ದೂರು ಕೊಟ್ಟು ಇವರ ಮೇಲೆ ಕೇಸು ಹಾಕಿಸಿದರು. ಕೆರೆಯಂಗಳದ ಸೈಟುಗಳು ಯಾರ ಕೈಯಲ್ಲಿವೆ ಎಂಬುದು ಊರಿಗೆಲ್ಲ ಗೊತ್ತಾದದ್ದು ಆಗಲೇ.

ಆಮೇಲಿನದು ನಗುವ ಸಂಗತಿಯಲ್ಲ. ಗೋಡೆಗೆ ಸುಣ್ಣ ಬಳಿದರು. ಅಂಗಡಿಯ ಬೀಗ ಒಡೆದು ಬಣ್ಣದ ಡಬ್ಬಿಗಳನ್ನು ಚರಂಡಿಗೆ ಸುರಿದರು. ಹಾಡಹಗಲಲ್ಲಿ ಇವರನ್ನು ಹಿಡಿದು ಮುಖಕ್ಕೆ ಟಾರು ಬಳಿದರು. ಇವರ ಹತ್ತಿರ ಡಿಸೈನ್ ಬರೆಸಬೇಡಿ ಎಂದು ಮಗ್ಗದವರಿಗೆ ಹೇಳಿ ಕಳಿಸಿದರು. ಮನೆಯ ಮಾಲೀಕರು ಕೈಮುಗಿದು, ದಯವಿಟ್ಟು ಖಾಲಿ ಮಾಡಿ ಅಂದರು. ಸೂಲಿಬೆಲೆಯಲ್ಲಿ ನಮ್ಮಕ್ಕನ ಮನೆಯ ದನದ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯೊಂದರಲ್ಲಿ ಮೂರು ವರ್ಷ ಕಳೆದೆವು. ಆ ದೊಡ್ಡ ಮನುಷ್ಯರ ಮಾತು ನಡೆಯದ ಕಾಲ ಬಂದ ಮೇಲೆ ವಾಪಸ್ಸಾದೆವು. ಬಂದ ಮೇಲೆ ಇವರು ಹೂ ಬರೆದರು, ಬಳ್ಳಿ ಬರೆದರು, ನವಿಲು ಬರೆದರು. ಮನುಷ್ಯನ ಮುಖ ಮಾತ್ರ ಬರೆಯಲಿಲ್ಲ. ಸಲೂನಿನವನು ಬೋರ್ಡಿಗೆ ಒಂದು ಒಳ್ಳೆಯ ಮುಖ ಬರೆದುಕೊಡಿ ಅಂದರೆ ಬಾಚಣಿಗೆ ಬರೆದುಕೊಟ್ಟರು.

ಬೆಂಗಳೂರಿನ ಮೇಘನಾ ಎಂಬ ಹುಡುಗಿ ಇದನ್ನೆಲ್ಲ ಕೇಳಿ ತಿಳಿದು ಕ್ಯಾಮೆರಾ ಹಿಡಿದು ಬಂದಳು. ಬರುತ್ತಾ ಬರುತ್ತಾ ನಮ್ಮ ಮನೆಯವಳೇ ಆಗಿಬಿಟ್ಟಳು. ಅವಳಿಗೆ ಇದ್ದದ್ದು ಒಂದೇ ತೊಂದರೆ. ಇವರು ವಟವಟ ಮಾತಾಡುವ, ತಮ್ಮ ಜೋಕಿಗೆ ತಾವೇ ಮೊದಲು ನಗುವ ಪ್ರಾಣಿ. ಅವಳಿಗೆ ಬೇಕಾದದ್ದು ನೊಂದ ಕಲಾವಿದ.

"ಅಂಕಲ್, ಪ್ಲೀಸ್, ನಗ್ಬೇಡಿ. ಕಿಟಕಿ ಹತ್ರ ಕೂತ್ಕೊಂಡು ಸುಮ್ನೆ ಹೊರಗೆ ನೋಡಿ."

ನಮ್ಮ ಮನೆಯಲ್ಲಿ ಆ ಕಿಟಕಿಯ ಹತ್ತಿರ ಯಾರೂ ಕೂರುವುದಿಲ್ಲ. ಅಲ್ಲಿ ಗ್ಯಾಸ್ ಸಿಲಿಂಡರ್ ಇದೆ. ಅದನ್ನು ಪಕ್ಕಕ್ಕೆ ಉರುಳಿಸಿ ಇವರನ್ನು ಕೂರಿಸಿದಳು. ಹೊರಗೆ ಕಾಣುವುದು ಎದುರುಮನೆಯವರ ನೀರಿನ ಟ್ಯಾಂಕು. ಇವರು ಅದನ್ನೇ ನೊಂದುಕೊಂಡು ನೋಡಿದರು.

ಆ ಚಿತ್ರವನ್ನು ಜೆಕ್ ದೇಶದ ಒಂದು ಊರಿನ ಚಿತ್ರೋತ್ಸವಕ್ಕೆ ಆರಿಸಿದರು. ನಮ್ಮಿಬ್ಬರಿಗೂ ಕರೆ ಬಂತು. ತಿಮ್ಮರಾಜು ಹೀರೋ ಆಗಿದ್ದಾರಂತೆ ಎಂದು ಬೀದಿಯಲ್ಲೆಲ್ಲ ಸುದ್ದಿಯಾಗಿ, ಹಾಲಿನ ಡೇರಿಯಲ್ಲಿ ಒಬ್ಬಾಕೆ, "ಹೀರೋಯಿನ್ ಯಾರಮ್ಮ?" ಎಂದು ನನ್ನನ್ನೇ ಕೇಳಿದಳು.

ದೇವನಹಳ್ಳಿ

ವಿಮಾನ ನಿಲ್ದಾಣ ಬರುವ ಮುಂಚೆ ನಮಗೆ ದೇವನಹಳ್ಳಿ ಅಂದರೆ ಚಕ್ಕೋತ ಹಣ್ಣು. ಇವರ ಪಾಲಿಗೆ ಈಗಲೂ ಅಷ್ಟೇ. ಯಾರ ಮನೆಗೋ ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು, ಮಗುವಿನ ತಲೆಯಷ್ಟು ದೊಡ್ಡದೊಂದು ಚಕ್ಕೋತವನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ತಪಾಸಣೆಯ ಪರದೆಯ ಮೇಲೆ ಅದು ಗುಂಡಗೆ, ಕಪ್ಪಗೆ ಕಂಡಿತು. ಸಮವಸ್ತ್ರದ ಹುಡುಗಿ ಹಿಂದಿಯಲ್ಲಿ ಇದೇನು ಎಂದಳು.

"ಚಕ್ಕೋತ" ಅಂದರು ಇವರು. ಇನ್ನೊಬ್ಬರನ್ನು ಕರೆದಳು. ಅವರಿಗೂ "ಚಕ್ಕೋತ" ಅಂದರು, ಇನ್ನೂ ಸ್ವಲ್ಪ ಜೋರಾಗಿ. ಮೂರನೆಯವರು ಯಲಹಂಕದ ಕಡೆಯವರು. ಕೈಯಲ್ಲಿ ತೂಗಿ ನೋಡಿ, "ಒಳ್ಳೇ ಹಣ್ಣು, ರಸ ಇದೆ, ಹೋಗಿ ಸಾರ್" ಎಂದು ಬಿಟ್ಟರು.

ಒಳಗೆ ಹೋಗಿ ಕೂತ ಮೇಲೆ ಮೇಘನಾಳ ಫೋನ್ ಬಂತು. ಅವಳು ನಮಗಿಂತ ಮೊದಲೇ ಅಲ್ಲಿಗೆ ಹೋಗಿದ್ದಳು.

"ಅಂಕಲ್, ಹಣ್ಣು ಗಿಣ್ಣು ತಂದಿಲ್ಲ ತಾನೆ? ಇಲ್ಲಿ ಒಳಗೆ ಬಿಡಲ್ಲ. ಕಿತ್ಕೊಂಡು ಕಸದ ಡಬ್ಬಿಗೆ ಹಾಕ್ತಾರೆ."

ದೇವನಹಳ್ಳಿಯ ಚಕ್ಕೋತ ಪರದೇಶದ ಕಸದ ಡಬ್ಬಿ ಸೇರುವುದೇ? ಇವರು ಅಲ್ಲೇ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಗುರಿನಲ್ಲೇ ಸುಲಿಯತೊಡಗಿದರು. ಚಕ್ಕೋತ ಸುಲಿದವರಿಗೆ ಗೊತ್ತು, ಅದು ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಪಕ್ಕದಲ್ಲಿ ದುಬೈಗೆ ಹೊರಟಿದ್ದ ಹೊಸಕೋಟೆಯ ಒಂದು ಕುಟುಂಬ ಕೂತಿತ್ತು. ಆ ಮನೆಯ ಯಜಮಾನರು ಸ್ವಲ್ಪ ಹೊತ್ತು ನೋಡಿ, "ಕೊಡಿ ಭಾಯ್, ಹಂಗಲ್ಲ" ಎಂದು ಅರ್ಧ ಇಸಿದುಕೊಂಡರು. ಅವರ ಹೆಂಡತಿ ಚೀಲದಿಂದ ಉಪ್ಪು ಖಾರದ ಪುಡಿ ತೆಗೆದರು. ವಿಮಾನ ಹತ್ತಿ ಎಂದು ಕೂಗುವಾಗ ನಮ್ಮೆಲ್ಲರ ಕೈ ಅಂಟು, ಬಾಯಿ ಹುಳಿ. ಉಡುಗೊರೆ ಮುಗಿದುಹೋಗಿತ್ತು.

ವಿಯೆನ್ನಾ

ನಾವು ಇಳಿಯಬೇಕಾದದ್ದು ಪಕ್ಕದ ದೇಶದ ವಿಯೆನ್ನಾದಲ್ಲಿ. ಅಲ್ಲಿಂದ ಬಸ್ಸು. ಪಾಸ್‌ಪೋರ್ಟ್ ನೋಡುವವರು ಯಾಕೆ ಬಂದಿರಿ ಎಂದು ಕೇಳುತ್ತಾರೆ ಎಂದು ಮೇಘನಾ ಇವರಿಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದಳು. ಅದರಲ್ಲಿ 'ಪರ್ಸಿಕ್ಯೂಟೆಡ್ ಪೇಂಟರ್' ಎಂಬ ಮಾತಿತ್ತು. ಅಂದರೆ ಕಿರುಕುಳಕ್ಕೆ ಒಳಗಾದ ಚಿತ್ರಕಾರ. ಇವರು ವಿಮಾನದುದ್ದಕ್ಕೂ ಅದನ್ನು ಜಪ ಮಾಡಿಕೊಂಡು ಬಂದು, ಗಾಜಿನ ಹಿಂದಿನ ಅಧಿಕಾರಿಯ ಮುಂದೆ ನೆಟ್ಟಗೆ ನಿಂತು, "ಐ ಯಾಮ್ ಪ್ರಾಸಿಕ್ಯೂಟೆಡ್ ಪೇಂಟರ್" ಅಂದರು. ಅಂದರೆ ಕ್ರಿಮಿನಲ್ ಕೇಸು ಬಿದ್ದ ಚಿತ್ರಕಾರ.

ಎರಡೂ ನಿಜವೇ. ಆದರೆ ಎರಡನೆಯದನ್ನು ಅಲ್ಲಿ ಹೇಳುವ ಅಗತ್ಯವಿರಲಿಲ್ಲ. ನಮ್ಮನ್ನು ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಚಿತ್ರೋತ್ಸವದವರ ಕಾಗದ ತೋರಿಸಿದೆ. ಅಧಿಕಾರಿ ಅದನ್ನು ಓದಿ, ಇವರ ಮುಖ ನೋಡಿ, ಮತ್ತೆ ಓದಿ, ಕೊನೆಗೆ ಏನು ಚಿತ್ರ ಬರೆದಿರಿ ಎಂದು ಕೇಳಿದರು. ಇವರು ಇಂಗ್ಲಿಷಿಗೆ ತಡಕಾಡದೆ, ಎದ್ದು ನಿಂತು, ಬಾಗಿ, ಬಾಯಿಗೆ ಕೊಳವೆ ಹಿಡಿದಂತೆ ಮಾಡಿ ಸುರ್ರೆಂದು ಎಳೆದು ತೋರಿಸಿದರು. ಆಮೇಲೆ ತಲೆಯ ಮೇಲೆ ಟ್ರಂಕು ಹೊತ್ತು ಎರಡು ಹೆಜ್ಜೆ ಕುಪ್ಪಳಿಸಿದರು. ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಮುದ್ರೆ ಬಿತ್ತು.

ಬರ್ನೋ, ಮಿಲಾಡಾ ಅವರ ಮನೆ

ಊರಿನ ಹೆಸರು ಬರ್ನೋ. ಅಲ್ಲಿಯವರು ಹೇಳುವಾಗ ಬಕಾರಕ್ಕೂ ರಕಾರಕ್ಕೂ ನಡುವೆ ಸ್ವರವೇ ಇರುವುದಿಲ್ಲ. ಚಳಿಗೆ ಹಲ್ಲು ಕಟಕಟಿಸಿದ ಹಾಗೆ ಕೇಳುತ್ತದೆ. ನಮ್ಮ ಬಾಯಿಗೆ ಬರ್ನೋ ಸಾಕು.

ಚಿತ್ರೋತ್ಸವದವರು ನಮ್ಮನ್ನು ಮಿಲಾಡಾ ಎಂಬ ಹೆಂಗಸಿನ ಮನೆಯಲ್ಲಿ ಇಳಿಸಿದರು. ನನಗಿಂತ ಸ್ವಲ್ಪ ಹಿರಿಯರು, ಗಂಡ ತೀರಿಕೊಂಡಿದ್ದಾರೆ, ಹೂಕುಂಡಗಳ ಹುಚ್ಚು. ಬಾಗಿಲಲ್ಲೇ ಚಪ್ಪಲಿ ಬಿಡಿ ಎಂದು ಸನ್ನೆ ಮಾಡಿದರು. ಹೊರಗೆ ಚಪ್ಪಲಿ ಬಿಡಿಸುವ ದೇಶ ಎಂದಕೂಡಲೇ ನನಗೆ ಗೌರವ ಬಂದುಬಿಟ್ಟಿತು. ಮರುಗಳಿಗೆಯಲ್ಲೇ ಒಂದು ಬುಟ್ಟಿ ತಂದು, ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಟ್ಟರು. ಇವರ ಕಾಲಿಗೆ ಹಿಡಿಸಿದ್ದು ಮೊಲದ ಕಿವಿಯಿದ್ದ ಗುಲಾಬಿ ಜೋಡಿ ಒಂದೇ. ಅಲ್ಲಿದ್ದಷ್ಟು ದಿನವೂ ಕಿರುಕುಳಕ್ಕೊಳಗಾದ ಚಿತ್ರಕಾರರು ಆ ಮೊಲಗಳನ್ನು ಕುಣಿಸಿಕೊಂಡೇ ಓಡಾಡಿದರು.

ಮಿಲಾಡಾ ಅವರಿಗೆ ಇಂಗ್ಲಿಷ್ ನಾಲ್ಕು ಮಾತು ಬರುತ್ತದೆ. ನನಗೆ ಅದಕ್ಕಿಂತ ನಾಲ್ಕು ಹೆಚ್ಚು. ಮೊದಲ ದಿನವೇ ಅಡುಗೆಮನೆ ತೋರಿಸಿ, ನಾನಿಲ್ಲಿ ಅಡುಗೆ ಮಾಡಬಹುದೇ ಎಂದು ಕೇಳಿದೆ.

"ನೋ, ನೋ, ನೋ!" ಅಂದರು, ಮುಖ ಅರಳಿಸಿಕೊಂಡು.

ಬಟ್ಟೆ ಒಗೆಯಬಹುದೇ? "ನೋ, ನೋ!" ಹಿತ್ತಲಿಗೆ ಹೋಗಿ ಕೂರಬಹುದೇ? "ನೋ!"

ಇಷ್ಟು ನಗುನಗುತ್ತಾ ಇಲ್ಲವೆನ್ನುವ ಜನವನ್ನು ನಾನು ಕಂಡಿರಲಿಲ್ಲ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು, ಅವರು ಕೊಟ್ಟ ಬ್ರೆಡ್ಡಿಗೆ ತಂದಿದ್ದ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಬ್ರೆಡ್ಡಿನಲ್ಲಿ ಜೀರಿಗೆಯಂಥದ್ದೇನೋ ಇತ್ತು; ಅದೊಂದೇ ಸಮಾಧಾನ. ಬಚ್ಚಲಲ್ಲಿ ಸದ್ದಾಗದಂತೆ ಬಟ್ಟೆ ಒಗೆದೆ. ಇವರ ಅಂಗಿಯನ್ನು ಕೋಣೆಯ ದೀಪದ ಕಂಬಕ್ಕೆ ಹಾಕಿ ಒಣಗಿಸಿದೆ. ಕ್ಯಾಂಟೀನ್ ನಡೆಸಿದವಳಿಗೆ ಒಲೆ ಮುಟ್ಟಬೇಡ ಎಂದಾಗ ಆಗುವ ನೋವು ಬೇರೆಯವರಿಗೆ ತಿಳಿಯುವುದಿಲ್ಲ.

ಮರುದಿನ ಮೇಘನಾ ಬಂದಾಗ ದೂರು ಹೇಳಿಕೊಂಡೆ. ಅವಳು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು.

"ಆಂಟಿ, ಇವ್ರ ಭಾಷೇಲಿ 'ನೋ' ಅಂದ್ರೆ 'ಹೂಂ, ಹೂಂ' ಅಂತ! ಪಾಪ, ನೀವ್ಯಾಕೆ ರೂಮಿಂದ ಆಚೆ ಬರ್ತಿಲ್ಲ ಅಂತ ಅವ್ರು ನನ್ ಕೇಳ್ತಿದ್ರು."

ಆ ಮಧ್ಯಾಹ್ನ ನಾನೂ ಮಿಲಾಡಾ ಒಂದೇ ಒಲೆಯ ಮುಂದೆ ನಿಂತೆವು. ಅವರು ಹಣ್ಣನ್ನು ಹಿಟ್ಟಿನೊಳಗೆ ತುಂಬಿ ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಟ್ಟರು. ನೋಡಿದರೆ ನಮ್ಮ ಕಡುಬು! ಮೇಲೆ ಬೆಣ್ಣೆ, ಸಕ್ಕರೆ, ಅರೆದ ಗಸಗಸೆ. ಗಸಗಸೆಯನ್ನು ನಾವು ಪಾಯಸಕ್ಕೆ ಚಮಚದಲ್ಲಿ ಅಳೆದು ಹಾಕಿದರೆ ಅವರು ಗೋಣಿಚೀಲದಲ್ಲಿ ಇಟ್ಟುಕೊಂಡವರ ಹಾಗೆ ಸುರಿಯುತ್ತಾರೆ. ಸಿಹಿ ತಿಂದ ಮೇಲೆ ಊಟಕ್ಕೆ ಕಾದು ಕೂತೆವು. ಅದೇ ಊಟವಂತೆ.

ನಾನು ಮಾಡಿದ ತಿಳಿಸಾರನ್ನು ಅವರು ಲೋಟದಲ್ಲಿ ಕುಡಿದು, ಕಣ್ಣೀರು ಒರೆಸಿಕೊಂಡು, "ನೋ, ನೋ" ಅಂದರು. ಇನ್ನೂ ಬೇಕು ಎಂದು ಅರ್ಥ.

ತರಕಾರಿ ಮಾರುಕಟ್ಟೆ

ಊರ ನಡುವೆ ಇಳಿಜಾರಿನ ಚೌಕದಲ್ಲಿ ತರಕಾರಿ ಮಾರುತ್ತಾರೆ. ನಮ್ಮ ದೊಡ್ಡಬಳ್ಳಾಪುರದಲ್ಲಿ ಸೊಪ್ಪಿನ ಗಾಡಿ ಬಂದರೆ ಊರೇ ಎದ್ದು ಕೂರುತ್ತದೆ. ಇಲ್ಲಿ ಕೋಸುಗಡ್ಡೆ ಮಾರುವವನೂ ಮಾತಾಡುವುದಿಲ್ಲ, ಕೊಳ್ಳುವವರೂ ಮಾತಾಡುವುದಿಲ್ಲ. ಕೋಸು ಮಾತ್ರ ಕೈ ಬದಲಾಗುತ್ತದೆ. ಟ್ರಾಮಿನಲ್ಲೂ ಹಾಗೆಯೇ. ಅಷ್ಟು ಜನ ಒಬ್ಬರಿಗೊಬ್ಬರು ತಾಗಿ ನಿಂತಿದ್ದರೂ ಉಸಿರಿನ ಸದ್ದೂ ಇಲ್ಲ. ನಮ್ಮ ಶಿಫ್ಟಿನ ಬಸ್ಸಿನಲ್ಲಿ ಹಾಗೆ ಮೌನವಾದರೆ ಯಾರೋ ಸತ್ತಿದ್ದಾರೆ ಎಂದು ಲೆಕ್ಕ.

ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಸಿನಿಮಾ. ಮಾರುಕಟ್ಟೆಯಲ್ಲಿ ನಿಂತಿರುವಾಗ ಗುಡ್ಡದ ಮೇಲಿನ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ನನ್ನ ಗಡಿಯಾರದಲ್ಲಿ ಹನ್ನೊಂದು.

"ನಿನ್ ವಾಚ್ ಇನ್ನೂ ದೊಡ್ಡಬಳ್ಳಾಪುರದಲ್ಲೇ ಇದೆ, ನಡಿ ನಡಿ" ಎಂದು ಇವರು ನನ್ನ ಕೈ ಹಿಡಿದು ಎಳೆದುಕೊಂಡು ಓಡಿದರು. ಚಿತ್ರಮಂದಿರ ಹುಡುಕಿ, ಕತ್ತಲೆಯಲ್ಲಿ ತಡವರಿಸಿ ಕೂತೆವು. ಪರದೆಯ ಮೇಲೆ ಒಬ್ಬ ಮುದುಕ ಜೇನು ಸಾಕುತ್ತಿದ್ದ. ಅವನ ಪೆಟ್ಟಿಗೆಗಳಿಗೆ ಯಾರೋ ಬೆಂಕಿ ಇಟ್ಟಿದ್ದರು. ಅವನೂ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದ. ಎಲ್ಲೋ ತಪ್ಪಾಗಿದೆ ಎಂದು ನನಗೆ ತಡವಾಗಿಯಾದರೂ ಅನುಮಾನ ಬಂತು, ಇವರಿಗೆ ಬರಲಿಲ್ಲ. ಕರ್ಚೀಫು ಒದ್ದೆಯಾಗುವಷ್ಟು ಅತ್ತರು.

"ಪಾಪ ಕಣೇ. ಇವನ ಕಷ್ಟದ ಮುಂದೆ ನಂದೇನು? ನಂಗೆ ಬರೀ ಜನ ಹೊಡೆದ್ರು. ಇವನಿಗೆ ಹುಳನೂ ಕಚ್ಚಿದೆ."

ಹೊರಗೆ ಬಂದಾಗ ಮೇಘನಾ ಸಿಕ್ಕಳು. ಆ ಊರಿನ ಗಂಟೆ ಹನ್ನೊಂದಕ್ಕೇ ಹನ್ನೆರಡು ಬಾರಿಸುತ್ತದಂತೆ. ಹಿಂದೆ ಒಬ್ಬ ಸೇನಾಪತಿ ಊರಿಗೆ ಮುತ್ತಿಗೆ ಹಾಕಿ, ಮಧ್ಯಾಹ್ನ ಹನ್ನೆರಡರೊಳಗೆ ಗೆಲ್ಲದಿದ್ದರೆ ವಾಪಸ್ ಹೋಗುತ್ತೇನೆ ಅಂದಿದ್ದನಂತೆ. ಊರಿನವರು ಒಂದು ಗಂಟೆ ಮೊದಲೇ ಗಂಟೆ ಬಾರಿಸಿದರು. ಅವನು ನಂಬಿ ಹೊರಟುಹೋದ. ಅಂದಿನಿಂದ ಹಾಗೆಯೇ ನಡೆದು ಬಂದಿದೆ ಎಂಬುದು ಕಥೆ. ಇವರಿಗೆ ಇದು ಎಷ್ಟು ಹಿಡಿಸಿತೆಂದರೆ ಸಿಕ್ಕವರಿಗೆಲ್ಲ ಹೇಳತೊಡಗಿದರು, ಆ ಊರಿನವರಿಗೂ ಸೇರಿಸಿ.

ಚಿತ್ರಮಂದಿರ

ನಮ್ಮ ಸಿನಿಮಾ ಶುರುವಾಯಿತು. ಕಿಟಕಿ, ಇವರ ಬೆನ್ನು, ಪಿಟೀಲು. ಸಿಲಿಂಡರ್ ಇಲ್ಲದ ನಮ್ಮ ಅಡುಗೆಮನೆ ಯಾರದೋ ಮನೆಯಂತೆ ಕಂಡಿತು. ಆಮೇಲೆ ನಾನು ಬಂದೆ. ಕ್ಯಾಂಟೀನಿನಲ್ಲಿ ಸಾಂಬಾರ್ ಬಡಿಸುತ್ತಿದ್ದೇನೆ. ಅದನ್ನು ಮೇಘನಾ ಎಷ್ಟು ನಿಧಾನ ಮಾಡಿದ್ದಳೆಂದರೆ ಸಾಂಬಾರು ಸೌಟಿನಿಂದ ಹೊರಟು ತಟ್ಟೆ ಸೇರುವಷ್ಟರಲ್ಲಿ ನನಗೇ ಹಸಿವಾಯಿತು. ಹಾಗೆ ಬಡಿಸಿದರೆ ಎರಡನೇ ಶಿಫ್ಟಿನವರು ಕ್ಯಾಂಟೀನಿಗೆ ಕಲ್ಲು ಹೊಡೆಯುತ್ತಾರೆ.

ಇವರು ಪಕ್ಕದಲ್ಲಿ ಕೂತು, "ನೋಡೇ, ನಿನ್ ಸೌಟು ಎಷ್ಟು ದೊಡ್ಡದಾಗಿ ಕಾಣುತ್ತೆ" ಎಂದು ಪಿಸುಗುಟ್ಟಿದರು. ಹಿಂದಿನ ಸಾಲಿನಿಂದ ಶ್ ಎಂದರು.

ಆಮೇಲೆ ಸೂಲಿಬೆಲೆಯ ಕೊಟ್ಟಿಗೆ ಬಂತು. ಇವರು ಅದರ ಹೊಸಿಲ ಮೇಲೆ ಕೂತು, ಕ್ಯಾಮೆರಾದ ಕಡೆ ನೋಡದೆ ಮಾತಾಡುತ್ತಿದ್ದರು. ಇದನ್ನು ಮೇಘನಾ ಚಿತ್ರಿಸಿದ ದಿನ ನಾನು ಕೆಲಸಕ್ಕೆ ಹೋಗಿದ್ದೆ.

"ನಂಗೆ ಹೊಡೆದಿದ್ದಕ್ಕೆ ನಂಗೆ ಅಷ್ಟು ಭಯ ಆಗ್ಲಿಲ್ಲಮ್ಮ. ಇವಳಿಗೆ ಏನಾದ್ರೂ ಮಾಡ್ಬಿಟ್ರೆ ಅಂತ. ಬೆಳಗ್ಗೆ ಮೊದಲನೇ ಬಸ್ಸಿಗೆ ಹೋಗೋಳು. ಇನ್ನೂ ಸರಿಯಾಗಿ ಬೆಳಕಾಗಿರ್ತಿರ್ಲಿಲ್ಲ. ಅವಳು ಹೋದ ಮೇಲೆ ನಾನು ಎದ್ದು, ಸೈಕಲ್ ತಗೊಂಡು ದೂರದಲ್ಲಿ ಹಿಂದೆ ಹೋಗ್ತಿದ್ದೆ. ಬಸ್ಸು ಹತ್ತೋದು ನೋಡ್ಕೊಂಡು ವಾಪಸ್ ಬರ್ತಿದ್ದೆ. ದಿನಾನೂ. ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ಹೆದರ್ಕೋತಾಳೆ."

ಆ ಮೂರು ವರ್ಷವೂ ನಾನು ಹೊರಡುವಾಗ ಇವರು ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದರು. ಹೆಂಡತಿ ಕತ್ತಲೆಯಲ್ಲಿ ದುಡಿಯಲು ಹೋದರೆ ಗಂಡನಿಗೆ ಎದ್ದು ನೋಡುವಷ್ಟೂ ಇಲ್ಲವಲ್ಲ ಎಂದು ಬಸ್ಸಿನಲ್ಲಿ ಕೂತು ಎಷ್ಟು ಸಲ ಮನಸ್ಸಿನಲ್ಲೇ ಬೈದುಕೊಂಡಿದ್ದೆನೋ! ಒಲೆಯ ಮೇಲಿಟ್ಟ ಹಾಲು ದಿನಾ ಉಕ್ಕಿಹೋಗುತ್ತದೆ ಎಂದು ನಮ್ಮಕ್ಕ ಬೈಯುತ್ತಿದ್ದಳು. ಹಾಲು ನೋಡಿಕೊಳ್ಳುವವರು ಸೈಕಲ್ಲಿನ ಮೇಲಿರುತ್ತಿದ್ದರು ಎಂದು ಯಾರಿಗೆ ಗೊತ್ತಿತ್ತು?

ಕತ್ತಲೆಯಲ್ಲಿ ತಿರುಗಿ ಇವರನ್ನು ನೋಡಿದೆ. ಇವರು ಪರದೆಯನ್ನೇ ನೋಡುತ್ತಾ ಕೂತಿದ್ದರು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಹಾಗೆ.

"ಏನ್ರೀ ಇದು?" ಅಂದೆ.

"ಅದು... ಆ ಹುಡುಗಿ ಇದನ್ನ ತೆಗೆದ್ಹಾಕ್ತೀನಿ ಅಂದಿದ್ಲು. ತೆಗ್ದಿಲ್ಲ."

ಪಕ್ಕದ ಸೀಟಿನ ಹೆಂಗಸು ನನಗೊಂದು ಕಾಗದದ ಕರವಸ್ತ್ರ ಕೊಟ್ಟಳು.

ಚಿತ್ರ ಮುಗಿದ ಮೇಲೆ ಇವರನ್ನು ವೇದಿಕೆಗೆ ಕರೆದರು. ಜನ ಪ್ರಶ್ನೆ ಕೇಳಿದರು. ಮೇಘನಾ ಕನ್ನಡಕ್ಕೆ ತಿರುಗಿಸಿ ಹೇಳಿದಳು. ಗಡ್ಡದ ಯುವಕನೊಬ್ಬ ಎದ್ದು ತುಂಬಾ ಹೊತ್ತು ಮಾತಾಡಿದ. ಟ್ರಂಕು ಹೊತ್ತ ಆ ಕಪ್ಪೆ ನೆಲೆ ಕಳೆದುಕೊಂಡ ಮನುಕುಲದ ಸಂಕೇತವೇ ಎಂಬುದು ಅವನ ಪ್ರಶ್ನೆ.

"ಇಲ್ಲಪ್ಪ, ಕಪ್ಪೆ" ಅಂದರು ಇವರು.

ಆಮೇಲೆ ಒಬ್ಬ ಹಿರಿಯರು ಎದ್ದರು. ಆ ದೊಡ್ಡ ಮನುಷ್ಯರ ಮುಖವನ್ನೇ ಬರೆಯುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರು. ಇವರು ನನ್ನ ಕಡೆ ಒಮ್ಮೆ ನೋಡಿದರು.

"ಅದು ಅವರ ಮುಖ ಅಲ್ಲ ಸಾರ್. ಅವರನ್ನ ನಾನು ಹತ್ತಿರದಿಂದ ನೋಡೇ ಇರ್ಲಿಲ್ಲ. ಅದು ನಮ್ಮ ಮಾವನೋರ್ ಮುಖ. ಇವಳ ತಂದೆ. ಹೋಗ್ಬಿಟ್ರು ಪಾಪ. ಅವ್ರು ಮಜ್ಜಿಗೆ ಕುಡಿಯೋವಾಗ ಹಂಗೇ ಕಾಣೋರು, ಮೀಸೆ ಎರಡೂ ಕಡೆ ಎದ್ದು ನಿಂತ್ಕೊಳ್ಳೋದು."

ನಮ್ಮಪ್ಪ! ಆ ಗೋಡೆಯ ಮುಂದೆ ನಾನು ಎಷ್ಟು ಸಲ ನಿಂತಿದ್ದೆ, ಈ ಮೂತಿಯನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡಿದ್ದೆ. ನಮ್ಮಪ್ಪ ದೊಡ್ಡ ಲೋಟ ಎತ್ತಿ ಒಂದೇ ಉಸಿರಿಗೆ ಮಜ್ಜಿಗೆ ಎಳೆಯುವುದು ಕಣ್ಣಿಗೆ ಕಟ್ಟಿತು. ಆ ಮುಖವನ್ನು ತನ್ನದೆಂದು ಹೇಳಿಕೊಂಡು ಒಬ್ಬರು ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದರು! ನನಗೆ ನಗು ಒತ್ತರಿಸಿ ಬಂತು. ಸೆರಗು ಬಾಯಿಗೆ ತುರುಕಿಕೊಂಡೆ, ಭುಜ ಕುಲುಕತೊಡಗಿತು. ಪಕ್ಕದ ಹೆಂಗಸು ಕರವಸ್ತ್ರದ ಇಡೀ ಪೊಟ್ಟಣವನ್ನೇ ನನ್ನ ಮಡಿಲಿಗೆ ಹಾಕಿ ಬೆನ್ನು ಸವರಿದಳು. ಹಿಂದಿನವರೂ ಮುಂದಿನವರೂ ನನ್ನ ದುಃಖಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಟ್ರಾಮ್

ಮರುದಿನ ಹಾನಾ ಎಂಬ ಹೆಂಗಸು ನಮ್ಮನ್ನು ಕಾಫಿಗೆ ಕರೆದಳು. ತಮ್ಮ ದೇಶದಲ್ಲಿ ತೊಂದರೆಗೆ ಸಿಕ್ಕಿದ ಕಲಾವಿದರನ್ನು ಕರೆಸಿ ನೋಡಿಕೊಳ್ಳುವ ಒಂದು ಸಂಸ್ಥೆ ಅವಳದು. ನೀವು ಒಂದು ವರ್ಷ ಇಲ್ಲೇ ಇರಬಹುದು, ಮನೆ ಇದೆ, ಚಿತ್ರ ಬರೆಯಲು ದೊಡ್ಡ ಕೋಣೆ ಇದೆ, ಯಾರೂ ನಿಮ್ಮನ್ನು ಮುಟ್ಟುವುದಿಲ್ಲ ಎಂದಳು. ನಾವು ಹೊರಡುವ ಮುಂಚೆ ಹೇಳಿದರೆ ಸಾಕಂತೆ.

ವಾಪಸ್ ಬರುವ ಟ್ರಾಮಿನಲ್ಲಿ ಇವರು ಕಿಟಕಿಯ ಹೊರಗೆ ನೋಡುತ್ತಾ ಕೂತರು. ಈ ಸಲ ಮೇಘನಾ ಹೇಳಿರಲಿಲ್ಲ.

"ಒಪ್ಕೊಳ್ರೀ" ಅಂದೆ. "ನಂಗೆ ಕ್ಯಾಂಟೀನ್ ಇದೆ, ನಾನ್ ಹೋಗ್ತೀನಿ. ನೀವಿರಿ. ಇಲ್ಲಿ ಯಾರೂ ಟಾರ್ ಬಳಿಯಲ್ಲ. ಒಂದ್ ವರ್ಷ ನೆಮ್ಮದಿಯಾಗಿ ಬರೀರಿ."

"ಏನ್ ಬರೀಲಿ?"

"ಏನಾದ್ರೂ. ಮುಖ ಬರೀರಿ."

ಅದನ್ನು ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಇವರು ತಿರುಗಿ ನೋಡಿದರು.

"ಲೇ ಸರೋಜಾ, ನಾನಿಲ್ಲಿ ಏನ್ ಬರೆದ್ರೂ ಚಪ್ಪಾಳೆ ತಟ್ತಾರೆ ಕಣೇ. ಕಪ್ಪೆ ಬರೆದ್ರೆ ಅದರಲ್ಲಿ ಮನುಕುಲ ಹುಡುಕ್ತಾರೆ. ಒಬ್ರಾದ್ರೂ ನಿಂತ್ಕೊಂಡು ನಗ್ತಾರಾ? ಒಬ್ರಾದ್ರೂ 'ಲೇ ತಿಮ್ಮ, ಇದು ನಂದೇ ತಾನೆ' ಅಂತ ಜಗಳಕ್ಕೆ ಬರ್ತಾರಾ?"

"ಜಗಳಕ್ಕೆ ಬಂದಿದ್ದಕ್ಕೇ ಕೊಟ್ಟಿಗೇಲಿ ಮಲಗಿದ್ದು! ಅದು ನಮ್ಮಪ್ಪನ ಮುಖ ಅಂತ ಸ್ಟೇಷನ್ನಲ್ಲಿ ಒಂದ್ ಮಾತ್ ಹೇಳಿದ್ರೆ ಮುಗೀತಿತ್ತಲ್ರೀ! ಯಾಕ್ ಹೇಳ್ಲಿಲ್ಲ?"

"ಕೆರೆ ಕುಡ್ದೋನು ತಾನಾಗೇ ಬಂದು, ಕುಡ್ದಿರೋದು ನಾನೇ ಅಂತ ಒಪ್ಕೋತಿದ್ದಾನೆ. ಇಲ್ಲ ಸಾರ್, ನೀವಲ್ಲ ಅಂತ ಹೇಳಕ್ಕೆ ನಂಗೇನು ಹುಚ್ಚಾ?"

ನಮ್ಮ ಗಂಟಲು ಎಷ್ಟು ದೊಡ್ಡದಾಗಿತ್ತೆಂದರೆ ಟ್ರಾಮಿನವರೆಲ್ಲ ತಮ್ಮ ಫೋನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಒಬ್ಬ ಅಜ್ಜಿ ತುಟಿಯ ಮೇಲೆ ಬೆರಳಿಟ್ಟಳು. ಇಬ್ಬರೂ ಶಾಲೆಯ ಮಕ್ಕಳಂತೆ ಬಾಯಿ ಮುಚ್ಚಿಕೊಂಡೆವು. ಇಳಿಯಬೇಕಾದ ನಿಲ್ದಾಣ ಆಗಲೇ ಹಿಂದೆ ಹೋಗಿತ್ತು.

ಹಿತ್ತಲ ಗೋಡೆ

ಮಿಲಾಡಾ ಅವರ ಹಿತ್ತಲಿನಲ್ಲಿ ಸಾಮಾನು ಇಡುವ ಸಣ್ಣದೊಂದು ಮನೆಯಿದೆ. ಅದರ ಬಿಳಿ ಗೋಡೆಗೆ ಏನಾದರೂ ಬರೆದುಕೊಡಿ ಎಂದು ಅವರು ಇವರನ್ನು ಕೇಳಿಕೊಂಡರು. ಗೇಟಿಗೆ ಬಳಿದು ಮಿಕ್ಕಿದ್ದ ಬಣ್ಣದ ಡಬ್ಬಿಗಳಿದ್ದವು. ಇವರು ಎಂದಿನಂತೆ ಬಳ್ಳಿ ಹಬ್ಬಿಸಿದರು, ಗಿಳಿ ಕೂರಿಸಿದರು. ದೊಡ್ಡಬಳ್ಳಾಪುರದ ಸೀರೆಯ ಸೆರಗು ಅಲ್ಲಿ ಒಣಹಾಕಿದ ಹಾಗೆ ಕಾಣುತ್ತಿತ್ತು.

ಬೇಲಿಯ ಆಚೆ ಪಕ್ಕದ ಮನೆಯವರು ಬಂದು ನಿಂತರು. ಯೋಸೆಫ್ ಅಂತ ಹೆಸರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಬೋಳುತಲೆ, ನೇತಾಡುವ ಕೆನ್ನೆ, ಮುಖದ ನಡುವೆ ಒಂದು ಭಾರೀ ಮೂಗು. ಕೈಕಟ್ಟಿ ನಿಂತು ನೋಡಿದರು. ನಮಸ್ಕಾರಕ್ಕೆ ಪ್ರತಿನಮಸ್ಕಾರ ಇಲ್ಲ, ನಗುವಿಲ್ಲ. ಮರುದಿನವೂ ಹಾಗೆಯೇ ಬಂದು ನಿಂತರು. ನನ್ನ ಒಗ್ಗರಣೆಯ ಘಾಟಿಗೆ ದೂರು ಕೊಡಲು ಬಂದಿದ್ದಾರೇನೋ ಎಂದು ನನಗೆ ಅಳುಕು.

ಹೊರಡುವ ಹಿಂದಿನ ದಿನ ನಾನು ಒಳಗೆ ಪೆಟ್ಟಿಗೆ ಕಟ್ಟುತ್ತಿದ್ದೆ. ಮಿಲಾಡಾ ಓಡಿಬಂದು ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದರು. ಗೋಡೆಯ ಮೇಲೆ ಎಲೆಗಳ ಸಂದಿಯಲ್ಲಿ, ಗಿಳಿಗಳ ನಡುವೆ, ಒಂದು ಬೋಳುತಲೆ ಇಣುಕುತ್ತಿತ್ತು. ನೇತಾಡುವ ಕೆನ್ನೆ, ಕಟ್ಟಿದ ಕೈ. ಮೂಗಿನ ತುದಿಯಲ್ಲಿ ಒಂದು ಗಿಳಿ ಕೂತಿತ್ತು. ಇವರು ಮೊಲದ ಚಪ್ಪಲಿ ಹಾಕಿಕೊಂಡು, ಕುಂಚ ಹಿಡಿದು, ಮೈಯೆಲ್ಲ ಹಸಿರು ಮಾಡಿಕೊಂಡು ನಿಂತಿದ್ದರು. ನನಗಾದದ್ದು ಸಂತೋಷವೋ ಭಯವೋ ಹೇಳಲಾರೆ. ಯಾಕೆಂದರೆ ಬೇಲಿಯ ಆಚೆ ಯೋಸೆಫ್ ನಿಂತಿದ್ದರು.

ಅವರು ನೋಡಿದರು. ಮುಖ ಕೆಂಪಾಯಿತು. ದಾಪುಗಾಲು ಹಾಕುತ್ತಾ ಒಳಗೆ ಹೋದರು.

"ಆಯ್ತು ಬಿಡಿ" ಅಂದೆ. "ಇಲ್ಲೂ ಒಂದ್ ಸ್ಟೇಷನ್ ನೋಡೋ ಯೋಗ ಇತ್ತು."

ಇವರು ಕುಂಚವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಯೋಸೆಫ್ ಹೆಂಡತಿಯನ್ನು ಕರೆದುಕೊಂಡು ವಾಪಸ್ ಬಂದರು. ಈ ಸಲ ಬೇಲಿಯ ಬಾಗಿಲು ತೆಗೆದು ನೇರವಾಗಿ ಗೋಡೆಯ ಹತ್ತಿರಕ್ಕೇ ಬಂದರು. ಬೆರಳು ನೆಟ್ಟು, ದನಿ ಏರಿಸಿ, ಮಿಲಾಡಾ ಅವರ ಮೇಲೆ ಹರಿಹಾಯ್ದರು. ಹೆಂಡತಿ ನಡುವೆ ಬಾಯಿ ಹಾಕಿದರು. ಅವರಿಬ್ಬರಿಗೂ ವಾದ ಹತ್ತಿತು. ಮಿಲಾಡಾ ಇಂಗ್ಲಿಷಿಗೆ ಹುಡುಕಾಡಿ, ಕೊನೆಗೆ ತಮ್ಮ ಮೂಗನ್ನು ಹಿಡಿದು ತೋರಿಸಿ, "ಸ್ಮಾಲ್! ಹಿ ಸೇ, ಟೂ ಸ್ಮಾಲ್!" ಅಂದರು.

ಮೂಗು ಚಿಕ್ಕದಾಯಿತಂತೆ. ಅದು ಅವರ ತಾತನ ಕಾಲದಿಂದ ಬಂದ ಮೂಗಂತೆ. ಹೀಗೆ ಕಡಿಮೆ ಮಾಡಿ ಬರೆಯಲು ಇವರು ಯಾರು ಎಂದು ಕೇಳುತ್ತಿದ್ದರಂತೆ. ಹೆಂಡತಿಯ ವಾದ, ಇಷ್ಟೇ ಸಾಕು, ಇದ್ದದ್ದಕ್ಕಿಂತ ಚೆನ್ನಾಗಿದೆ ಎಂದು.

ಇವರು ಯೋಸೆಫ್‌ರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. "ಹೌದು ಕಣಯ್ಯ, ನೀನ್ ಹೇಳೋದು ಸರಿ" ಎಂದು ಅಪ್ಪಟ ಕನ್ನಡದಲ್ಲಿ ಹೇಳಿ, ಕುಂಚ ಅದ್ದಿ ಮೂಗನ್ನು ಹಿಗ್ಗಿಸಿದರು. ಇನ್ನೊಂದು ಗಿಳಿ ಕೂರುವಷ್ಟು ಜಾಗವಾಯಿತು. ಕೂರಿಸಿಯೂಬಿಟ್ಟರು. ಯೋಸೆಫ್ ಮೊದಲ ಬಾರಿಗೆ ನಕ್ಕರು. ನಕ್ಕಾಗ ಮೂಗು ಇನ್ನೂ ದೊಡ್ಡದಾಯಿತು.

ಸಂಜೆ ಹಾನಾಳಿಗೆ ಫೋನ್ ಮಾಡಿ, ತುಂಬಾ ಉಪಕಾರವಾಯಿತು, ಆದರೆ ಮನೆಗೆ ಹೋಗುತ್ತೇವೆ ಎಂದು ಹೇಳಿಸಿದೆವು. ನಾನು ಮತ್ತೆ ಎದುರಾಡಲಿಲ್ಲ.

ದೊಡ್ಡಬಳ್ಳಾಪುರದ ಬಸ್ಸು

ದೇವನಹಳ್ಳಿಯಲ್ಲಿ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ ಫ್ರೀ. ಆಧಾರ್ ತೋರಿಸಲು ಚೀಲಕ್ಕೆ ಕೈಹಾಕಿದರೆ ಕೈಗೆ ಬಂದದ್ದು ಪಾಸ್‌ಪೋರ್ಟು. ಕಂಡಕ್ಟರ್ ಪುಟ ತಿರುವಿ, "ಏನಮ್ಮ ಇದು, ದೊಡ್ಡಬಳ್ಳಾಪುರಕ್ಕೂ ವೀಸಾ ಬೇಕಾ?" ಅಂದ. ಬಸ್ಸೆಲ್ಲ ನಕ್ಕಿತು. ಎಷ್ಟು ದಿನವಾಗಿತ್ತು, ಹೀಗೆ ಬಸ್ಸು ತುಂಬಾ ಗಲಾಟೆ ಕೇಳಿ!

ಇವರ ಟಿಕೆಟ್ ಹರಿದು ಕೊಟ್ಟರೂ ಇವರು ಅದನ್ನು ತೆಗೆದುಕೊಳ್ಳದೆ ಅವನನ್ನೇ ದಿಟ್ಟಿಸುತ್ತಿದ್ದರು.

"ಏನ್ ಸಾರ್, ಹಂಗ್ ನೋಡ್ತಿದೀರ?"

"ನಿನ್ ಹುಬ್ಬು ನೋಡ್ತಿದೀನಪ್ಪ."

"ಹುಬ್ಬಾ? ಏನಾಗಿದೆ ಗುರು ಹುಬ್ಬಿಗೆ?"

"ಏನೂ ಆಗಿಲ್ಲ. ಚೆನ್ನಾಗಿದೆ. ಸ್ವಲ್ಪ ಆ ಕಡೆ ತಿರುಗು."

ಅವನು ಒಂದು ಗಳಿಗೆ ಅನುಮಾನಿಸಿದ. ಆಮೇಲೆ ಕಂಬಕ್ಕೆ ಒರಗಿ, ಕೂದಲು ಹಿಂದಕ್ಕೆ ತಳ್ಳಿ, ಕಿಟಕಿಯ ಕಡೆ ಮುಖ ಮಾಡಿ ನಿಂತ. ಹಿಂದಿನಿಂದ ಯಾರೋ, "ಟಿಕೆಟ್ ಕೊಡಪ್ಪೋ" ಎಂದು ಕೂಗಿದರು. ಇವರು ಜೇಬಿನಿಂದ ವಿಮಾನದ ಚೀಟಿ ತೆಗೆದು ಅದರ ಬೆನ್ನಿಗೆ ಪೆನ್ನು ಹಚ್ಚಿದರು. ರಸ್ತೆ ಅಗೆದಿದ್ದರು, ಬಸ್ಸು ಕುಲುಕುತ್ತಿತ್ತು. ನಾನು ನನ್ನ ಚೀಲವನ್ನು ಇವರ ತೊಡೆಯ ಮೇಲಿಟ್ಟು, ಅಲುಗಾಡದಂತೆ ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡೆ.